ಮೂರನೇ ಹಾರ್ನು

ಚೌಕಿಪೇಟೆಯಲ್ಲಿ ನನ್ನದು ಡೆಂಟ್ ತೆಗೆಯುವ ಅಂಗಡಿ.
ಕೊಡ, ತಂಬಿಗೆ, ಮದುವೆ ಸೀಜನ್ನಿಗೆ ಮುಂಚೆ
ಬ್ಯಾಂಡ್ ಸೆಟ್ಟಿನವರ ತುತ್ತೂರಿ.
ಬುಡೇನ್ ಸಾಬ್ ಮಾತ್ರ ಆಷಾಢದಲ್ಲಿ ಬರುತ್ತಾನೆ
ಹಾರ್ನನ್ನು ಟವೆಲ್ಲಿನಲ್ಲಿ ಸುತ್ತಿ, ಕೂಸಿನ ಹಾಗೆ,
ಬಗಲಲ್ಲೊಂದು ಹಳೇ ಹಾಳೆ.

ಮೈಸೂರು ಅರಮನೆ ಬ್ಯಾಂಡಿನಲ್ಲಿ ಊದುತ್ತಿದ್ದ
ಸೋದರಮಾವ ಬಿಟ್ಟುಹೋದದ್ದು.
ಲಂಡನ್ನಿನ ಅಚ್ಚು, ಸಾವಿರದ ಒಂಬೈನೂರ ಹನ್ನೆರಡು.
ಹೆಸರಿದ್ದ ತುದಿ ಗೆದ್ದಲಿನ ಪಾಲು.
ನೂರು ಮಂದಿ ಕೂತು ನುಡಿಸುವ ಕೃತಿಯಂತೆ,
ಇವನ ಕೈಗೆ ಬಂದದ್ದು ಮೂರನೇ ಹಾರ್ನು ಮಾತ್ರ.
ಉಳಿದ ಹಾಳೆಗಳು ಯಾವ ಟ್ರಂಕಿನಲ್ಲೋ,
ಯಾವ ಕಡಲಿನಾಚೆಯೋ.

ಮೂರನೇ ಹಾರ್ನಿಗೆ ಊದುವುದು ಕಡಿಮೆ, ಕಾಯುವುದೇ ಕಸುಬು.
ದಪ್ಪ ಕಪ್ಪು ಗೆರೆ, ಅದರ ನೆತ್ತಿಯ ಮೇಲೊಂದು ಅಂಕಿ:
ಇಪ್ಪತ್ಮೂರು. ಅಂದರೆ ಅಷ್ಟು ಸಲ
ನಾಲ್ಕು ನಾಲ್ಕು ಎಣಿಸಿಕೊಂಡು ಸುಮ್ಮನಿರು.
ಆಮೇಲೆ ಎರಡು ಸ್ವರ.
ಮತ್ತೆ ನಲವತ್ತೊಂದು.

'ಇಷ್ಟಕ್ಕೆ ಒಬ್ಬ ಆಳಿಗೆ ಸಂಬಳ ಕೊಡ್ತಿದ್ರಾ?' ಅಂದೆ.
'ಸಂಬಳ ಸುಮ್ಕಿರೋದಕ್ಕೇ ಕಣಪಾ ಹಾಲೇಶಿ,
ಊದೋದು ಪುಕ್ಕಟೆ.'

ನಾನು ಬೆಸುಗೆ ಹಾಕುವಾಗ ಅವನು ಎಣಿಸುತ್ತಾನೆ
ಬೆರಳ ಗೆಣ್ಣಿನ ಮೇಲೆ, ತಸಬಿ ತಿರುಗಿಸಿದ ಹಾಗೆ.
ಎದುರಿನ ಹೋಟೆಲಿನ ಹಂಚಿಗೆ ಬೆಣ್ಣೆ ಬಿದ್ದು ಚುಂಯ್: ಒಂಬತ್ತು.
ಹಮಾಲರ ಕೈಗಾಡಿ: ಹದಿನಾಲ್ಕು.
ಮಂಡಕ್ಕಿ ಚೀಲ ಹೇರಿದ ಲಗೇಜ್ ಆಟೋ,
ಭಟ್ಟಿಯ ಹೊಗೆವಾಸನೆ ಸಮೇತ, ಹದಿನೆಂಟು, ಹತ್ತೊಂಬತ್ತು.
ಹಿಂದೆ ಮಿಲ್ಲಿನ ಸೈರನ್ನೂ ಒಂದು ಲೆಕ್ಕಕ್ಕೆ ಸಿಗುತ್ತಿತ್ತು.
ಇಪ್ಪತ್ತೆರಡು. ಇಪ್ಪತ್ಮೂರು.
ಎರಡೇ ಸ್ವರ,
ಬಾವಿಗೆ ಇಳಿಬಿಟ್ಟ ಕೊಡ ನೀರು ಮುಟ್ಟಿದ ಹಾಗೆ.

ಹಾಳೆಯಲ್ಲೊಂದು ಕಡೆ, ಅವನ ಸರದಿಗೆ ತುಸು ಮೊದಲು,
ಇರುವೆ ಸಾಲಿನಷ್ಟು ಸಣ್ಣಗೆ ಬೇರೆ ಯಾರದೋ ಸ್ವರ.
ಅದು ನಮ್ಮದಲ್ಲ, ಊದಬಾರದು.
ಪಕ್ಕದವನು ಇಲ್ಲಿಗೆ ಬಂದ ಅನ್ನುವ ಗುರುತಷ್ಟೆ.
ಅದರ ಮೇಲೆ ಪೆನ್ಸಿಲಿನಲ್ಲಿ ಬರೆದ ಒಂದು ಕನ್ನಡಕ
(ನಾನು ಎರಡು ಪಡ್ಡು ಅಂದುಕೊಂಡಿದ್ದೆ):
ಹುಷಾರ್, ಕಣ್ಣು ಬಿಟ್ಟು ನೋಡು ಅಂತ.
ಲಂಡನ್ನಿನವನೋ, ಮೈಸೂರಿನವನೋ,
ಒಮ್ಮೆ ಇಲ್ಲೇ ತಪ್ಪಿ ಬೈಸಿಕೊಂಡವನು.

ಮೊಬೈಲಿಗೆ ಕೇಳಿಸಿದರೆ ಹೆಸರು ಹೇಳುತ್ತದೆ ಅಂದಳು ಮಗಳು.
ಆ ಎರಡು ಸ್ವರ ಕೇಳಿಸಿದೆವು.
ಮತ್ತೊಮ್ಮೆ ಪ್ರಯತ್ನಿಸಿ, ಅಂತು.
ಬುಡೇನ್ ಸಾಬ್ ಕೆಮ್ಮು ಬರುವ ತನಕ ನಕ್ಕ.

ಈ ಆಷಾಢಕ್ಕೆ ಅವನಿಗೆ ಮುಂದಿನ ನಾಲ್ಕು ಹಲ್ಲಿಲ್ಲ.
ತುಟಿ ಒತ್ತಿ ಹಿಡಿಯಲು ಹಿಂದೊಂದು ಗೋಡೆ ಬೇಕಲ್ಲ.
ಆದರೂ ಬಂದ. ಹಾರ್ನಿಗೆ ಡೆಂಟೂ ಇರಲಿಲ್ಲ.
ಸ್ಟೂಲು ಎಳೆದುಕೊಂಡು ಎಣಿಸಿದ.
ಇಪ್ಪತ್ಮೂರಕ್ಕೆ ಬಾಯಿಗಿಟ್ಟು
ಎರಡು ಸ್ವರದಷ್ಟು ಹೊತ್ತು ಹಿಡಿದು
ಇಳಿಸಿದ. ಬರೀ ಉಸಿರು.
ಸುತ್ತಿಗೆ ಎತ್ತಿದವನು ನಾನು ಎತ್ತಿದಂತೆಯೇ ಇದ್ದೆ.

'ಹೊಡಿ,' ಅಂದ, ಹಾಳೆಯಿಂದ ಕಣ್ಣು ಕೀಳದೆ.
'ನಿನ್ನ ಪಾಲು ಬಂತು.
ನನಗಿನ್ನೂ ನಲವತ್ತೊಂದು ಐತೆ.'