ನಾಲ್ಕನೇ ಜ್ವರ

ಅಕ್ಕಯ್ಯಮ್ಮನ ಮನೆಗೆ ಎರಡು ಕೋಣೆ, ನಡುವೆ ಒಂದೇ ಗೋಡೆ.
ಈಚೆಗೆ ಮನುಷ್ಯರು, ಆಚೆಗೆ ನೂರು ಮೊಟ್ಟೆಯ ಹುಳ.
ಆಚೆ ಕಿಟಕಿಗೆಲ್ಲ ಒದ್ದೆ ಗೋಣಿತಾಟು,
ಗಾಳಿಯನ್ನೇ ಹಿಂಡಿ ಹರವಬಹುದು.
ಶಿಡ್ಲಘಟ್ಟದ ಬಿಸಿಲಿಗೆ ಊರೆಲ್ಲ ಒಣಗಿದರೂ
ಆ ಗೋಡೆ ಹನ್ನೆರಡು ತಿಂಗಳೂ ಬೆವರುತ್ತಿತ್ತು.

"ಪ್ಯಾರೂ, ಶುಕ್ರವಾರ ಶಶಿರೇಖ ಪಾರ್ಲರು ಇಡ್ತಾಳೆ.
ಈ ಸುಣ್ಣ ಸಾಕಪ್ಪಾ, ಒರಗಿದರೆ ಬೆನ್ನೆಲ್ಲ ಬಿಳಿ.
ಮಿಂಚೋದು ಹೊಡಿ."
ಹೊಡೆದೆ. ಹಿಪ್ಪುನೇರಳೆ ಚಿಗುರಿನ ಹಸಿರು, ಎರಡು ಕೋಟು.
ಗೋಡೆಯೊಳಗೆ ಇನ್ನೊಂದು ಬಲ್ಬು ಉರಿಯಿತು.
ಡಬ್ಬದ ತಳದಲ್ಲಿ ಪೇಂಟರಿಗೆಂದೇ ಇಟ್ಟ
ಐವತ್ತು ರೂಪಾಯಿಯ ಟೋಕನ್ನು;
ತೊಳೆದು ಜೇಬಿಗಿಟ್ಟೆ.

ಶಶಿರೇಖ ದುಪಟ್ಟಾದಲ್ಲಿ ಮೂಗು ಮುಚ್ಚಿದಳು.
"ಎರಡು ದಿನಕ್ಕೆ ಹೋಗುತ್ತಮ್ಮಾ ವಾಸನೆ" ಅಂದೆ.
ಇಪ್ಪತ್ತೆರಡು ವರ್ಷದಿಂದ
ಪ್ರತಿ ಮನೆಯಲ್ಲೂ ಅದನ್ನೇ ಅಂದಿದ್ದೇನೆ,
ಅಂದು, ಹೊರಗೆ ಬಂದು, ಕೆಮ್ಮಿದ್ದೇನೆ.

ಹುಳ ಆಗ ತಾನೇ ನಾಲ್ಕನೇ ಜ್ವರದಿಂದ ಎದ್ದಿದ್ದವು.
ಎದ್ದ ಹುಳಕ್ಕೆ ಹಗಲು ರಾತ್ರಿ ಹಸಿವು.
ಮಳೆ ಹುಯ್ದ ಹಾಗೆ ಮೇಯುತ್ತವೆ ಅನ್ನುತ್ತಾರೆ ಜನ;
ನನ್ನ ಕಿವಿಗೆ ಅದು
ಉಪ್ಪುಕಾಗದ ಉಜ್ಜುವ ಸದ್ದು.

ಸೋಮವಾರ ಸದ್ದಿರಲಿಲ್ಲ.

ಅಕ್ಕಯ್ಯಮ್ಮ ಬೈಯಲಿಲ್ಲ, ತಟ್ಟೆ ಎಳೆದು ತೋರಿಸಿದಳು.
ಸೊಪ್ಪು ಹಾಕಿದ ಹಾಗೇ ಇದೆ.
ಹುಳಗಳು ಅರ್ಧ ಮೈ ಎತ್ತಿ
ಅತ್ತ ಇತ್ತ ತೂಗುತ್ತಿವೆ,
ಬಾಗಿಲೆಲ್ಲಿ ಅಂತ ಕೇಳುವವರ ಹಾಗೆ.
"ಮೂಗಿಲ್ಲ ಅಂದ್ಕೊಂಡ್ಯಾ? ಪಕ್ಕೇಲಿ ಚುಕ್ಕೆ ನೋಡು,
ಆ ಕಡೆ ಒಂಬತ್ತು, ಈ ಕಡೆ ಒಂಬತ್ತು.
ಎಲ್ಲ ಮೂಗೇ."

ಅಷ್ಟರಲ್ಲಿ ಗೋಡೆಗೂ ಜ್ವರ ಬಂದಿತ್ತು.
ಹಸಿರಿನ ಕೆಳಗೆ ಬೊಬ್ಬೆ, ಬೆರಳೊತ್ತಿದರೆ ಒಳಗೆ ನೀರು.
ಒಂದು ಅಂಚು ಹಿಡಿದೆಳೆದೆ,
ಪೊರೆ ಬಿಟ್ಟ ಹಾಗೆ ಮೊಳದುದ್ದ ಕಳಚಿ ಬಂತು.

ಹೆರೆದೆ. ಮಂಗಳವಾರ ಪೂರ್ತಿ ಹೆರೆದೆ.
ನಮ್ಮ ಹಿತ್ತಲಲ್ಲಿ ಅಬ್ಬನ ಕಾಲದ ಹರವಿ,
ಅದರಲ್ಲಿ ಆರು ತಿಂಗಳು ನೆನೆದ ಕಲ್ಲುಸುಣ್ಣ,
ಯಾರೂ ಕೇಳದೆ ಬೆಣ್ಣೆಯಾಗಿ ಕೂತಿತ್ತು.
ಹಳೇ ಲುಂಗಿಯಲ್ಲಿ ಸೋಸಿದೆ.
ಡಿಗ್ರಿ ಬರಲಿಲ್ಲವೆಂದು ಡೈರಿಯವರು
ವಾಪಸು ಕಳಿಸಿದ ಹಾಲು ಅಂಟಿಗೆ,
ಕೆರೆ ಏರಿಯ ಕೆಮ್ಮಣ್ಣು ಒಂದು ಹಿಡಿ.
ನಾರಿನ ಕುಂಚ ಕೈಗೆ ಮರೆತೇಹೋಗಿತ್ತು.

ಹಸಿ ಸುಣ್ಣ ಬಳಿದರೆ ಏನೂ ಕಾಣುವುದಿಲ್ಲ,
ನೀರು ಸವರಿದ ಹಾಗೆ, ಅಷ್ಟೆ.
ಬಳಿದವನೂ ಕೂತು ಕಾಯಬೇಕು.
ಅಬ್ಬ ಬೀಡಿ ಹಚ್ಚುತ್ತಿದ್ದದ್ದು ಆಗಲೇ.
ನಾನು ಬೀಡಿ ಬಿಟ್ಟವನು, ಸುಮ್ಮನೆ ಕೂತೆ.
ಸಂಜೆಗೆ ಮೂಲೆಯಿಂದ ಬೆಳಕು ಹತ್ತಿತು,
ಮಾವಿನ ಹಣ್ಣಿನ ಸಿಪ್ಪೆಗೆ ಕೆಂಪು ತಿರುಗುವ ಹಾಗೆ,
ಅಲ್ಲಲ್ಲಿ, ತನ್ನಿಷ್ಟಕ್ಕೆ.

ಮೂವತ್ತು ಮೊಟ್ಟೆಯ ಹುಳ ಗುಂಡಿಗೆ ಹೋದವು.
ಅದರ ಲೆಕ್ಕ ಅಕ್ಕಯ್ಯಮ್ಮ ಹೇಳಲಿಲ್ಲ,
ನನ್ನ ಕೂಲಿಯಲ್ಲೂ ಮುರಿಯಲಿಲ್ಲ.
ಮಗಳ ನೈಲ್ ಪಾಲಿಶ್ ಬಾಟಲಿಗಳನ್ನೆಲ್ಲ
ಟ್ರಂಕಿಗೆ ಹಾಕಿ ಬೀಗ ಜಡಿದಳು:
"ಹುಳ ಹಣ್ಣಾಗಿ ಚಂದ್ರಿಕೆ ಹತ್ತಲಿ, ಆಮೇಲೆ ನಿನ್ನ ಅಲಂಕಾರ."

ಶುಕ್ರವಾರ ಮೊದಲ ಗಿರಾಕಿ, ಹುಬ್ಬು ತೀಡಿಸಲು ಬಂದ
ಕಂಡಕ್ಟರ್ ಕೆಲಸದ ಹುಡುಗಿ, ಖಾಕಿ ಬಟ್ಟೆಯಲ್ಲೇ.
ಸೀದಾ ಹೋಗಿ ಗೋಡೆಗೆ ಒರಗಿದಳು.
ಬಾಗಿಲಲ್ಲಿ ನಾನು, ಕೈಯಲ್ಲಿ ಕಾಫಿ,
ಕಣ್ಣೆಲ್ಲ ಆ ಖಾಕಿ ಬೆನ್ನಿನ ಮೇಲೆ.

"ಏನ್ರೀ ಅದು, ಒಳಗೆ ಯಾರೋ ಉಜ್ಜುತ್ತಾ ಇದ್ದಾರೆ?"

ಶಶಿರೇಖಳ ಹಲ್ಲಿನಲ್ಲಿ ದಾರ ಕಚ್ಚಿತ್ತು.
ಮಾತಾಡಲಾಗದೆ
ತನ್ನ ಹುಬ್ಬನ್ನೇ ಎತ್ತಿ ಗೋಡೆ ತೋರಿಸಿದಳು.