ಹೆಬ್ಬೆಟ್ಟು

ಕಾಪುವಿನ ದೀಪಸ್ತಂಭ ಬೆನ್ನ ಹಿಂದೆ
ಊದುಬತ್ತಿಯಷ್ಟಾಗುವ ಹೊತ್ತಿಗೆ
ಯತೀಶ ಕುಂದರ್ ಹಾಳೆ ಹಂಚಿದ.
ನೆಗಡಿ ಉಂಟೇ? ಇಲ್ಲ.
ಕಿವಿನೋವು? ಇಲ್ಲ.
ನಿನ್ನೆಯಿಂದೀಚೆಗೆ ಮದ್ಯ, ಮಾತ್ರೆ? ಇಲ್ಲ, ಇಲ್ಲ.
ಹಾರುವ ಕಾಗದವನ್ನು ಮೊಣಕಾಲಿನಲ್ಲಿ ಒತ್ತಿ ಹಿಡಿದು
ಚಂದದ ಅಕ್ಷರದಲ್ಲಿ ಸಹಿ ಹಾಕಿದೆ.

ಬೆಳಿಗ್ಗೆ ಐದಕ್ಕೆ ನುಂಗಿದ ಹಳದಿ ಮಾತ್ರೆ
ಇನ್ನೂ ಗಂಟಲಲ್ಲೇ ಕಹಿ ಬಿಡುತ್ತಿತ್ತು.

ಏನು ಮಾಡುವುದು ಹೇಳಿ.
ಗೋಳಿಬಜೆಯ ವಾಸನೆ ಬಂದರೆ ಮೂರು ತಿಂಗಳು
ರಸ್ತೆಯ ಆಚೆ ಬದಿಗೆ ದಾಟಿದವಳು ನಾನು.
ಆಸ್ಪತ್ರೆಯಲ್ಲಿ ರಕ್ತ ನೋಡುವ ಕೆಲಸ,
ಅರ್ಧ ಉಡುಪಿಯ ಸಕ್ಕರೆ ನನಗೆ ಬಾಯಿಪಾಠ,
ನನ್ನದನ್ನು ಮಾತ್ರ ನಾಳೆ, ನಾಡಿದ್ದು.
ಲಿಫ್ಟು ಬಿಟ್ಟೆ. ಮೂರನೆಯ ಮಹಡಿಗೆ
ಸೆಪ್ಟೆಂಬರಿನಲ್ಲಿ ಗೋಡೆ ಹಿಡಿದು ಹತ್ತಿದೆ,
ಡಿಸೆಂಬರಿನಲ್ಲಿ ಮಾತಾಡುತ್ತ ಹತ್ತಿದೆ.
"ಕೊಬ್ಬು ತೇಲ್ತದೆ ಅಕ್ಕ" ಎಂದಿದ್ದ ಯತೀಶ, ಮೊದಲ ಸಲ
ಸೊಂಟಕ್ಕೆ ಎಂಟು ಕಿಲೋ ಸೀಸ ಬಿಗಿಯುತ್ತ.
ಈಗ ಆರು ಸಾಕು.
ಬಿಟ್ಟುಹೋದ ಆ ಎರಡು ಕಿಲೋವನ್ನು
ಯಾರಿಗಾದರೂ ತೋರಿಸಬೇಕಿತ್ತು ನನಗೆ.
ನೆಗಡಿಗೆ ಅದೆಲ್ಲ ಎಲ್ಲಿ ತಿಳಿಯುತ್ತದೆ.

ನನ್ನ ಜೋಡಿ ವಾಲ್ಟರ್ ಬರ್ಬೋಜ, ಶಿರ್ವದ ಬೇಕರಿಯವ.
ಲವಂಗ ಅಗಿಯುತ್ತಿದ್ದ, ಒಂದರ ಮೇಲೊಂದು.
ಯಾಕೆಂದು ನಾನು ಕೇಳಲಿಲ್ಲ.
ಕೇಳಿದರೆ ಅವನೂ ಕೇಳಿಯಾನು.

ಬೆನ್ನು ಮೊದಲಾಗಿ ಮಗುಚಿಕೊಂಡೆವು.

ನೀರಿನಡಿ ಕೈಗಳದೇ ಮಾತು.
ಹೆಬ್ಬೆಟ್ಟು ತೋರುಬೆರಳು ಕೂಡಿ ಸೊನ್ನೆಯಾದರೆ
ಎಲ್ಲ ಸರಿ.
ಹೆಬ್ಬೆಟ್ಟು ಎತ್ತಿದರೆ ಭೇಷ್ ಅಲ್ಲ,
ಸಾಕು, ಮೇಲೆ ಹೋಗೋಣ.
ಯಾರೂ ಎತ್ತಬಹುದು, ಯಾವಾಗಲೂ.
ಯಾಕೆ ಎಂದು ಕೇಳುವಂತಿಲ್ಲ.

ಮೂರು ಮೀಟರಿಗೆ ಎಡಗಿವಿಯೊಳಗೆ
ಯಾರೋ ಹಲಸಿನ ಬೀಜ ತುರುಕಿದರು.
ಮೂಗು ಹಿಡಿದು ಊದಿದೆ. ನುಂಗಿದೆ. ಒಂದು ಮೊಳ ಮೇಲೇರಿ
ಮತ್ತೆ ಊದಿದೆ. ಬೀಜ ಕದಲಲಿಲ್ಲ.
ಕೆಳಗೆ ಹಸಿರು ಮಂಕಿನಲ್ಲಿ ಒಂದು ಬಂಡೆ,
ಅದರ ಸುತ್ತ ಬೆಳ್ಳಿ ಚೂರುಗಳಂತೆ ಮೀನು ತಿರುಗಿ, ಆರಿ, ತಿರುಗಿ.
ಇಷ್ಟು ಹತ್ತಿರ.
ವಾಲ್ಟರ್ ಕಣ್ಣರಳಿಸಿ ಕೇಳಿದ: ಸರಿಯಾ?
ಬೆರಳುಗಳು ತಾವಾಗಿಯೇ ಸೊನ್ನೆಯಾದವು.

ಆಗ ಯಾಕೋ ಅಮ್ಮ ನೆನಪಾದಳು,
ರೇಷನ್ ಅಂಗಡಿಯ ಯಂತ್ರದ ಮುಂದೆ.
ನಲವತ್ತು ವರ್ಷ ಬೀಡಿ ಸುತ್ತಿ ಸವೆದ ಹೆಬ್ಬೆರಳನ್ನು
ಸೆರಗಿಗೆ ಒರೆಸಿ, ಬಾಯಿಂದ ಊದಿ, ಮತ್ತೆ ಒತ್ತುವವಳು.
"ನಾನು ನಾನಲ್ಲವಂತೆ ನೋಡು" ಎಂದು ನಗುವವಳು.
ಕಾಗದವೊಂದು ಬಂದರೆ ಮೂರು ಸಲ ಓದಿಸಿ ಕೇಳದೆ
ಆ ಬೆರಳನ್ನು ಶಾಯಿಗೆ ಅದ್ದಿದವಳಲ್ಲ.
ಓದು ಬಲ್ಲವಳು ನಾನು.

ಆದರೂ ನನ್ನ ಹೆಬ್ಬೆಟ್ಟು ಮುಷ್ಟಿಯೊಳಗೇ ಇತ್ತು
ಎನ್ನಬೇಕು, ಸುಳ್ಳು ಯಾಕೆ.
ಎದ್ದದ್ದು ವಾಲ್ಟರನದು.

ದೋಣಿಯ ಅಂಚಿಗೆ ಜೋತುಬಿದ್ದು ಕಾರಿಕೊಂಡ.
"ನಿನ್ನೆ ಅಣ್ಣನ ಮಗಳ ರೋಸ್ ಮಾರಾಯ್ತಿ,
ಎರಡೇ ಪೆಗ್ಗು." ತುಸು ಬಿಟ್ಟು, "ನಾಲ್ಕು.
ನಿಮ್ಮ ಡೈವನ್ನೂ ಹಾಳು ಮಾಡಿದೆ."
"ಪರವಾಗಿಲ್ಲ," ಎಂದೆ, ದೊಡ್ಡ ಮನಸ್ಸಿನವಳಂತೆ.
ಯತೀಶ ಬೈಯಲಿಲ್ಲ. ಉಪ್ಪು ಹಾಕಿದ ಲಿಂಬೆನೀರು ಕೊಟ್ಟ ಅವನಿಗೆ.
ನನ್ನ ಮುಖವಾಡ ತೊಳೆಯಲು ತೆಗೆದುಕೊಂಡವನು
ಗಾಜಿನ ತಳಕ್ಕೆ ಅಂಟಿದ ನಸುಗೆಂಪನ್ನು ನೋಡಿದ,
ನನ್ನ ಮೂಗನ್ನು ನೋಡಿದ.
ರಕ್ತ ಯಾರದೆಂದು ಹೇಳಲು ಪ್ರಯೋಗಾಲಯ ಬೇಕಿರಲಿಲ್ಲ.

ಕಡತದಿಂದ ನನ್ನ ಹಾಳೆ ತೆಗೆದು
ಪೆನ್ನಿನ ಜೊತೆ ತೊಡೆಯ ಮೇಲಿಟ್ಟು
ಎಂಜಿನ್ನಿನ ಕಡೆ ಹೋದ.

ಇಲ್ಲ ಎಂದಲ್ಲಿ ಗೆರೆ ಎಳೆದು ಉಂಟು ಎಂದು ತಿದ್ದಿದೆ,
ಇನ್ನೊಂದು ಕಡೆಯೂ.
ಒದ್ದೆ ಬೆರಳಿಗೆ ಶಾಯಿ ಹರಡಿ
ಹಾಳೆಯ ಮೂಲೆಯಲ್ಲಿ ಮೂಡಿತು ನೀಲಿ ಹೆಬ್ಬೆಟ್ಟು.
ಗೆರೆಗಳೆಲ್ಲ ಸ್ಪಷ್ಟವಾಗಿದ್ದವು, ಒಂದೂ ಸವೆಯದೆ.