ಕಾಲಂ ಹದಿನಾಲ್ಕು

ಮೊದಲ ಪ್ರಶ್ನೆ: ನಿಮ್ಮ ಸಂಸ್ಥೆಯ ದೂರದೃಷ್ಟಿ,
ನೂರು ಪದ ಮೀರದಂತೆ.
ದೂರ ಇಲ್ಲಿ ಬೇಕಾದಷ್ಟಿದೆ:
ಕಿಟಕಿಯಾಚೆ ಗೋಧಿಯ ಕೂಳೆ, ಅದರಾಚೆ ಹಿಮ,
ಹದಿನೆಂಟು ಮೈಲಿಯಾಚೆ ಮುಂದಿನೂರಿನ ಕಣಜದ ಗೋಪುರ.
ದೃಷ್ಟಿಗೆ ಕನ್ನಡಕ ಹಾಕಿಕೊಂಡೆ.

ನಮಗೆ ಬೇಕಾದದ್ದು ಒಂದು ಕಂಪ್ರೆಸರ್.
ಅರವತ್ತೆಂಟರಲ್ಲಿ ಕೂರಿಸಿದ್ದು
ಹೋದ ಫೆಬ್ರವರಿ, ಹೆಂಗಸರ ಕರ್ಲಿಂಗ್ ಫೈನಲ್ಲಿನ ಏಳನೇ ಸುತ್ತಿನಲ್ಲಿ
ಮೂರು ಸಲ ಕೆಮ್ಮಿ ತಣ್ಣಗಾಯಿತು.
ಅದು ತಣ್ಣಗಾದರೆ ನಮ್ಮ ಐಸು ಬೆವರುತ್ತದೆ.
ಇಪ್ಪತ್ತು ಕಿಲೋ ಗ್ರಾನೈಟಿನ ಕಲ್ಲು
ಗುರಿಯ ವೃತ್ತ ಮುಟ್ಟದೆ, ನಡುದಾರಿಯಲ್ಲಿ,
ಸಾಲ ಕೊಟ್ಟವನನ್ನು ಕಂಡಂತೆ ಮುಖ ತಿರುಗಿಸಿ ನಿಂತಿತು.
ಪೊರಕೆ ಹಿಡಿದ ಇಬ್ಬರೂ
ಗುಡಿಸಿದ್ದು ಬರೀ ನೀರು.

ರೆಜೈನಾದ ಕಚೇರಿಯಿಂದ ಹುಡುಗನೊಬ್ಬ ಫೋನು ಮಾಡಿದ:
ಹೊರಗೇ ಮೈನಸ್ ಮೂವತ್ತಿರುವಾಗ
ಒಳಗೆ ಚಳಿ ಮಾಡುವುದಕ್ಕೆ ದುಡ್ಡು ಯಾಕೆ, ಮೇಡಂ?
ಒಳ್ಳೆಯ ಹುಡುಗ. ಹೇಳಿದೆ,
ಚಳಿ ಈಗ ಆಡಿದ ಮಾತಿಗೆ ನಿಲ್ಲುವುದಿಲ್ಲಪ್ಪ,
ಡಿಸೆಂಬರಿನಲ್ಲಿ ಮಳೆ ಬಂತು, ನೋಡಲಿಲ್ಲವೆ?
ಬರೆದುಕೊಂಡ. ಇದು ಹವಾಮಾನ ಹೊಂದಾಣಿಕೆ,
ಇದಕ್ಕೆ ಬೇರೆ ಐದು ಅಂಕ ಉಂಟು, ಅಂದ.

ಫಲಾನುಭವಿಗಳು ಎಷ್ಟು?
ಊರಲ್ಲಿರುವುದು ಇನ್ನೂರ ಹನ್ನೊಂದು. ಆಡುವವರು ನಲವತ್ತು.
ಸೂಪಿಗೆ ಬರುವವರು, ಗಂಡನ ಮೇಲೆ ಮುನಿದು ಬರುವವರು,
ಇಲ್ಲಿ ದೀಪ ಉರಿಯುತ್ತಿದೆ ಎಂದಷ್ಟೇ ಬರುವವರು,
ಇವರನ್ನು ಯಾವ ಖಾನೆಗೆ ಹಾಕಲಿ?
ಹೊಸಬರು ಇದ್ದಾರೆಯೆ ಎಂಬಲ್ಲಿ
ಟ್ರಕ್ ನಿಲ್ದಾಣದ ಫಿಲಿಪಿನೋ ಅಕ್ಕತಂಗಿಯರ ಹೆಸರು ಬರೆಯಹೊರಟು
ಪೆನ್ನು ನಿಂತಿತು. ಕೇಳಿದೆನೆ ಅವರನ್ನು?
ಬೂಟು ಹಾಕಿಕೊಂಡು ಹೋಗಿ ಕೇಳಿದೆ.
ಬರಿ, ಅಂದಳು ಮರಿವಿಕ್, ಚಿಲ್ಲರೆ ಎಣಿಸುತ್ತ,
ಆದರೆ ಹೊಸಬಳು ಅಂತಲ್ಲ.
ನಾನು ತಂಡದ ನಾಯಕಿ, ಹಾಗಂತ ಬರಿ.

ಕಾಲಂ ಹದಿನಾಲ್ಕು: ಅರ್ಧ ಹಣ ನಿಮ್ಮದಿರಬೇಕು.
ನಗದಿಲ್ಲದಿದ್ದರೆ ಶ್ರಮದಾನ ನಡೆಯುತ್ತದೆ,
ಗಂಟೆಗೆ ಹದಿನೆಂಟು ಡಾಲರಿನಂತೆ.
ಎರಡು ಚಳಿಗಾಲ ಪೆರೋಗಿ ಕಡುಬು ಮಾರಿ
ಕೂಡಿಟ್ಟದ್ದು ಆರು ಸಾವಿರ.
ಬೇಕಾದದ್ದು ನಲವತ್ತನಾಲ್ಕು.

ಆ ರಾತ್ರಿ ಹಳೆಯ ಲೆಡ್ಜರು ತೆಗೆದೆ.
ತೊರ್ವಾಲ್ಡ್ ಓಸೆನ್, ಐಸಿನ ಮೇಸ್ತ್ರಿ.
ಮೂವತ್ತೊಂದು ಚಳಿಗಾಲ, ಬೆಳಗಿನ ಜಾವ ನಾಲ್ಕಕ್ಕೆ
ಬೆನ್ನಿಗೆ ನೀರಿನ ಡಬ್ಬಿ ಕಟ್ಟಿಕೊಂಡು
ತಾನು ಮಾಡಿದ್ದನ್ನು ತಾನೇ ತುಳಿಯದ ಹಾಗೆ
ಹಿಂದೆ ಹಿಂದೆ ನಡೆಯುತ್ತ
ಹನಿ ಚಿಮುಕಿಸಿ ಐಸಿಗೆ ಕಾಳು ಕಟ್ಟಿಸುತ್ತಿದ್ದ.
ಪೆನ್ಸಿಲಿನಲ್ಲಿ ತಾರೀಖು, ಉಷ್ಣತೆ, ಗಂಟೆ.
ಸಂಬಳದ ಜಾಗದಲ್ಲಿ ಒಂದೊಂದು ಅಡ್ಡಗೆರೆ.
ಕೂಡಿಸಿದೆ: ಹದಿಮೂರು ಸಾವಿರದ ನಾನೂರು ಗಂಟೆ.
ಹದಿನೆಂಟರಿಂದ ಗುಣಿಸಿದೆ. ಮತ್ತೆ ಗುಣಿಸಿದೆ.
ಎರಡು ಕಂಪ್ರೆಸರು ಬಂದು
ಮಿಕ್ಕಿದ್ದರಲ್ಲಿ ಸೂರೂ ರಿಪೇರಿ!

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ.
ಮೇಡಂ, ಇನ್ನು ಮುಂದೆ ಮಾಡುವ ಗಂಟೆ ಮಾತ್ರ.
ಮಾಡಿದ್ದು ಲೆಕ್ಕಕ್ಕಿಲ್ಲ.

ತೊರ್ವಾಲ್ಡ್ ತೀರಿಕೊಂಡು ನಾಲ್ಕು ವರ್ಷ.
ಮುಂದಿನ ಗಂಟೆ ಅವನಲ್ಲಿಲ್ಲ.

ಹಾಳೆ ಹಿಡಿದು ಮನೆಮನೆಗೆ ಹೋದೆ.
ಒಬ್ಬ ಐವತ್ತು ಗಂಟೆ, ಒಬ್ಬಳು ಎಂಬತ್ತು,
ಬಾಗಿಲೇ ತೆರೆಯದವರು ಮೂವರು.
ಮರಿವಿಕ್ ಕೇಳಿದಳು: ನಾಲ್ಕಕ್ಕೆ ನನ್ನ ಪಾಳಿ ಮುಗಿಯುತ್ತದೆ,
ನೀರಿನ ಡಬ್ಬಿ ಎಷ್ಟು ಭಾರ?

ಸಹಿ: ಒರಿಸ್ಯ ಮೆಲ್ನಿಚುಕ್,
ಕಾರ್ಯದರ್ಶಿ, ಖಜಾಂಚಿ, ಸೂಪಿನ ಉಸ್ತುವಾರಿ.
ತೊರ್ವಾಲ್ಡನ ಒಂದು ಪುಟದ ನಕಲನ್ನೂ ಲಗತ್ತಿಸಿದೆ.
ಅದು ಯಾವ ಪ್ರಶ್ನೆಗೂ ಉತ್ತರವಲ್ಲ.

ಉತ್ತರ ಇನ್ನೂ ಬಂದಿಲ್ಲ.
ರಿಂಕಿನ ಒಣ ನೆಲದ ಮೇಲೆ
ಮರಿವಿಕ್ ಖಾಲಿ ಡಬ್ಬಿ ಹೊತ್ತು
ಹಿಂದೆ ಹಿಂದೆ ನಡೆಯುತ್ತಿದ್ದಾಳೆ.
ಎಡಕ್ಕೆ ವಾಲುತ್ತೀ, ಅಂದೆ.
ಇಲ್ಲ, ನೆಲವೇ ಹಾಗಿದೆ, ಅಂದಳು.